ನಮಗೆ ಸೀಟು ಬಂತು

ಜನವರಿ 13, ಮಂಗಳವಾರ

ಇವತ್ತು ಮೂರು ಸಾವು, ಒಂದು ಬೆಂಕಿ ಅನಾಹುತ, ಒಂದು ಕ್ಯಾನ್ಸರ್. ಎಲ್ಲವೂ ಪ್ರಬಂಧಗಳಲ್ಲಿ. ಸ್ಕೂಲಿನ ಮಕ್ಕಳ ಕಾಲೇಜು ಅರ್ಜಿ ತಿದ್ದಿ ಕಳಿಸುವುದು ನನ್ನ ಕೆಲಸ. ‘ನಿಮ್ಮ ಬದುಕನ್ನು ಬದಲಿಸಿದ ಒಂದು ಘಟನೆ ಬರೆಯಿರಿ’ ಎಂದು ಕಾಲೇಜಿನವರು ಅಪ್ಲಿಕೇಶನ್‌ನಲ್ಲಿ ಕೇಳುತ್ತಾರೆ. ಹದಿನೇಳರ ಮಕ್ಕಳಿಗೆ ಅಂಥದ್ದೇನು ಆಗಿರುತ್ತದೆ? ಯಾರನ್ನಾದರೂ ಕೊಲ್ಲುತ್ತಾರೆ.

ಗುಂಗುರು ಕೂದಲಿನವನನ್ನು ಕೂರಿಸಿಕೊಂಡು ಕೇಳಿದೆ.

“ನಿಮ್ಮ ತಾತ ಯಾವಾಗ ತೀರಿಕೊಂಡ್ರೋ? ಮೊನ್ನೆ ಪೇರೆಂಟ್ಸ್ ಮೀಟಿಂಗಿಗೆ ಬಂದಿದ್ರಲ್ಲ.”

“ತೀರಿಕೊಂಡಿಲ್ಲ ಮಿಸ್. ಪ್ರಬಂಧದಲ್ಲಿ ಮಾತ್ರ.”

“ಅವರಿಗೆ ಗೊತ್ತಾ?”

“ಸಾಯೋ ಸೀನು ಅವರೇ ಹೇಳ್ಕೊಟ್ಟಿದ್ದು ಮಿಸ್.”

ನಗಬಾರದಿತ್ತು. ನಕ್ಕೆ. ತಾತನಿಗೆ ಜೀವ ಕೊಟ್ಟು ತಾ ಎಂದು ವಾಪಸ್ ಕಳಿಸಿದೆ.

ಮೊಳೆಯ ಪ್ರಬಂಧದಲ್ಲಿ ಮಾತ್ರ ಯಾರೂ ಸತ್ತಿಲ್ಲ. ಮೊಳೆ — ಕ್ಲಾಸಿನವರು ಇಟ್ಟ ಹೆಸರು. ಕಡ್ಡಿಯಂಥ ಮೈ, ದೊಡ್ಡ ತಲೆ, ಒಂದು ಕಡೆ ಕೂತಳೆಂದರೆ ಎಳೆದರೂ ಏಳುವವಳಲ್ಲ. ನಮ್ಮ ಸ್ಕೂಲ್ ಬಸ್ಸಿನ ಡ್ರೈವರ್ ಮಗಳು. ಹಡಗಿನ ಇಂಜಿನ್ ಓದಬೇಕಂತೆ. ಡೀಸೆಲ್ ಇಂಜಿನ್ ಬೆಳಿಗ್ಗೆ ತಣ್ಣಗಿರುವಾಗ ಹೇಗೆ ಕೆಮ್ಮುತ್ತದೆ, ಕಾದ ಮೇಲೆ ಹೇಗೆ ಉಸಿರಾಡುತ್ತದೆ, ಕೆಡುವುದಕ್ಕೆ ಮುಂಚೆ ಹೇಗೆ ಸುಳ್ಳು ಹೇಳುತ್ತದೆ — ಎರಡು ಪುಟ ಇಷ್ಟೇ. ಕಿವಿಗೊಟ್ಟು ಕೇಳುವುದನ್ನು ಅಪ್ಪನೇ ಕಲಿಸಿದ್ದಂತೆ. ಈ ವರ್ಷ ಓದಿದ್ದರಲ್ಲಿ ಇದೇ ಒಳ್ಳೆಯದು.

“ಒಂದು ಕಷ್ಟ ಸೇರಿಸೋಣ್ವಾ? ನಾವು ಎಲ್ಲೂ ಒದ್ದಾಡಿದ ಹಾಗೇ ಕಾಣಲ್ಲ” ಎಂದೆ.

“ಕಷ್ಟ ಏನಿಲ್ಲ ಮಿಸ್.”

ತುಂಬ ಬೇಗ ಹೇಳಿದಳು.

ಸಂಜೆ ಅಕ್ಕ ಡ್ಯೂಟಿ ಮುಗಿಸಿ ಬಂದಳು. ಎಮರ್ಜೆನ್ಸಿ ವಾರ್ಡಿನ ನರ್ಸ್. ಚಪ್ಪಲಿ ಬಿಡುವ ಮೊದಲೇ ವರದಿ: ಅಣ್ಣತಮ್ಮ, ಕಾರು ನಿಲ್ಲಿಸುವ ಜಾಗಕ್ಕೆ ಜಗಳ, ತಮ್ಮನ ಕಿವಿ ಅಣ್ಣನ ಜೇಬಿನಲ್ಲಿ ಸಿಕ್ಕಿತು. ನನ್ನ ಮೇಜಿನ ಮೇಲಿನ ಪ್ರಬಂಧಗಳ ರಾಶಿ ನೋಡಿ, “ನಿನ್ನ ಮಕ್ಕಳಿಗೆ ಗೋಳು ಬೇಕಿದ್ರೆ ನನ್ನ ಕೇಳೇ. ಸಗಟು ದರದಲ್ಲಿ ಕೊಡ್ತೀನಿ” ಎಂದಳು.

ಫೆಬ್ರವರಿ 5, ಗುರುವಾರ

ಈ ಊರಿನದೇ ಕಾಲೇಜಿಗೆ ಕ್ಯಾಂಪಸ್ ವಿಸಿಟ್. ಲೈಬ್ರರಿ, ಲ್ಯಾಬು, ಕ್ಯಾಂಟೀನು. ಮಕ್ಕಳು ಕ್ಯಾಂಟೀನಿಗೆ ಹೆಚ್ಚು ಅಂಕ ಕೊಟ್ಟರು.

ಹೋಗುವಾಗ ಸಿಗ್ನಲ್‌ನಲ್ಲಿ ಒಬ್ಬ ಬೈಕಿನವನು ಬಸ್ಸಿನ ಪಕ್ಕಕ್ಕೆ ಗೀರಿಕೊಂಡು ಹೋದ. ಡ್ರೈವರ್ ಬಸ್ ನಿಲ್ಲಿಸಿದ. ಇವನನ್ನು ಸ್ಕೂಲಿಗೆ ಸ್ಕೂಲೇ ‘ಮಾವ’ ಎನ್ನುತ್ತದೆ. ಪ್ರಿನ್ಸಿಪಾಲರೂ ಹಾಗೇ ಕರೆಯುವುದು. ನಗುನಗುತ್ತ ಇಳಿದ. ನಗುನಗುತ್ತಲೇ ಬೈಕಿನವನ ಹೆಬ್ಬೆರಳು ಹಿಡಿದು ಹಿಂದಕ್ಕೆ ಬಾಗಿಸಿದ. ಗಾಜಿನ ಒಳಗೆ ಕೂತಿದ್ದ ನಮಗೂ ಆ ಕೂಗು ಕೇಳಿಸಿತು. ಹತ್ತಿ ಬಂದು ಎಲ್ಲರಿಗೂ ಪೆಪ್ಪರ್ಮಿಂಟು ಹಂಚಿದ. ಮಕ್ಕಳು ಚಪ್ಪಾಳೆ ತಟ್ಟಿದರು.

“ಬೈದ್ರೆ ಮರೀತಾರೆ ಮೇಡಂ. ಹೀಗಾದ್ರೆ ಜನ್ಮಪೂರ್ತಿ ನೆನಪು.”

ನಾನು ಪೆಪ್ಪರ್ಮಿಂಟು ತಿಂದೆ. ಮೊಳೆ ತಿನ್ನಲಿಲ್ಲ.

ವಾಪಸ್ ಬರುವಾಗ ಕನ್ನಡಿಯಲ್ಲಿ ನನ್ನನ್ನು ನೋಡುತ್ತ ಹೇಳಿದ: “ನಮ್ಮ ಹುಡುಗಿಗೆ ಈ ಕಾಲೇಜೇ ಸಾಕು ಮೇಡಂ. ನಾನೇ ಬಿಡ್ತೀನಿ, ನಾನೇ ಕರ್ಕೊಂಡ್ ಬರ್ತೀನಿ. ಮಗು ಕಣ್ಣ ಮುಂದೆ ಇರ್ಬೇಕು.”

ಹಡಗಿನ ಇಂಜಿನ್ ಕಲಿಸುವ ಬಂದರಿನ ಕಾಲೇಜಿಗೆ ನಾವು ಅಪ್ಲಿಕೇಶನ್ ಕಳಿಸಿ ವಾರವಾಗಿದೆ. ಹಾಸ್ಟೆಲ್ ಸಮೇತ, ಸ್ಕಾಲರ್‌ಶಿಪ್ ಸಮೇತ. ಅಪ್ಪನಿಗೆ ತಾನೇ ಹೇಳುತ್ತೇನೆ ಎಂದಿದ್ದಾಳೆ ಮೊಳೆ. ಅಮ್ಮ ಸಹಿ ಹಾಕಿದ್ದಾರೆ.

ಮಾರ್ಚ್ 17, ಮಂಗಳವಾರ

ಬಂತು! ಹನ್ನೊಂದು ಗಂಟೆಗೆ ಮೇಲ್. ಪೂರ್ತಿ ಸ್ಕಾಲರ್‌ಶಿಪ್. ಮೊಳೆಯನ್ನು ಕ್ಲಾಸಿನಿಂದ ಕರೆಸಿ, “ನಮಗೆ ಸೀಟು ಬಂತು ಕಣೇ!” ಎಂದೆ.

ಕುರ್ಚಿಯಲ್ಲಿ ಕೂತಳು. ಮೇಲನ್ನು ಮೂರು ಸಲ ಓದಿದಳು. ಖುಷಿಗೆ ಎಂದುಕೊಂಡೆ.

“ಅಪ್ಪಂಗೆ ಯಾರೂ ಹೇಳ್ಬಾರ್ದು ಮಿಸ್. ಹೋಗೋ ದಿನದವರೆಗೂ.”

“ಯಾಕೆ, ಹೊಡೀತಾರಾ?”

“ನಂಗೆ ಒಂದು ದಿನಾನೂ ಹೊಡೆದಿಲ್ಲ.” ಬಾಗಿಲ ಕಡೆ ನೋಡಿ ದನಿ ಇಳಿಸಿದಳು. “ನಾನು ತಪ್ಪು ಮಾಡಿದ್ರೆ ಅಮ್ಮಂಗೆ ಹೊಡೀತಾರೆ. ನನ್ನ ಎದುರಿಗೆ ಕೂರಿಸಿ. ನೋಡು, ನಿನ್ನಿಂದ ಅಮ್ಮಂಗೆ ಏನಾಯ್ತು ಅಂತಾರೆ. ಲೆಕ್ಕದಲ್ಲಿ ಅಂಕ ಕಮ್ಮಿ ಬಂದಾಗ ಒಂದು ಹಲ್ಲು. ಸ್ನೇಹಿತೆ ಮನೇಲಿ ಲೇಟಾದಾಗ ಬೆರಳು.”

ಬಂದರಿನ ಕಾಲೇಜಿಗೆ ಎಷ್ಟು, ಎಂದು ಇಬ್ಬರೂ ಯೋಚಿಸುತ್ತಿದ್ದೆವು. ಇಬ್ಬರೂ ಕೇಳಲಿಲ್ಲ.

“ಹಾಗಾದ್ರೆ ಬಿಟ್ಟುಬಿಡೋಣ್ವಾ?”

“ಅಮ್ಮ ಹೋಗು ಅಂತಾರೆ. ನೀನಿದ್ರೇನೇ ನಂಗೆ ಏಟು ಜಾಸ್ತಿ, ಹೋಗು ಅಂತ.” ಆಮೇಲೆ, ಅರೆಬರೆ ನಗುತ್ತ: “ಅದು ಸುಳ್ಳು ಮಿಸ್. ಆದ್ರೆ ಚೆನ್ನಾಗಿ ಹೇಳ್ತಾರೆ.”

ಯಾರಿಗಾದರೂ ದೂರು ಕೊಡಬೇಕಿತ್ತು. ಬೇಡ ಎಂದು ಕಾಲು ಹಿಡಿಯಲು ಬಗ್ಗಿದಳು. ಸುಮ್ಮನಾದೆ.

ಏಪ್ರಿಲ್ 9, ಗುರುವಾರ, ಸಂಜೆ

ಬರೆಯಲು ಕೂತರೆ ಎಡಗೈಯಿಂದ ತುಟಿ ಹಿಡಿದುಕೊಳ್ಳಬೇಕಾಗಿದೆ. ನಾಲ್ಕು ಹೊಲಿಗೆ. ಕ್ರಮವಾಗಿ ಬರೆಯುತ್ತೇನೆ.

ಬಂದರಿನ ಕಾಲೇಜಿಗೆ ವಿಸಿಟ್. ಹೋಗುವ ಮುಂಚೆ ಫೋನ್ ಮಾಡಿ, ಸೀಟು ಸಿಕ್ಕವರು ಯಾರು ಎಂದು ಕಾಲೇಜಿಗೆ ತಿಳಿಸುವುದು ನನ್ನ ಪದ್ಧತಿ. ಅಂಥವರ ಕೊರಳಿಗೆ ಕೆಂಪು ಟ್ಯಾಗ್, ಮುಂದಿನ ಸಾಲು. ಡೀನ್ ಬಂದು ಕೈ ಕುಲುಕುತ್ತಾರೆ. ಮಿಕ್ಕವರಿಗೆ ಬಿಳಿ. ಈ ಸಲವೂ ತಿಳಿಸಿದೆ. ಡ್ರೈವರ್ ಬಸ್ ಬಿಟ್ಟು ಕದಲುವುದಿಲ್ಲ ಎಂಬ ಧೈರ್ಯ. ಎಲ್ಲಿಯೂ ಕದಲಿದ್ದಿಲ್ಲ.

ಈ ಕಾಲೇಜಿನವರು ಮರ್ಯಾದಸ್ಥರು. ಡ್ರೈವರನ್ನೂ ಸಭಾಂಗಣಕ್ಕೆ ಕರೆದು, ಕೂರಿಸಿ, ಕಾಫಿ ಕೊಟ್ಟರು.

ಡೀನ್ ವೇದಿಕೆಯಿಂದ ಹೇಳಿದರು: “ನಿಮ್ಮ ಸ್ಕೂಲಿನಿಂದ ಈ ವರ್ಷ ಇವರೊಬ್ಬರೇ. ನಿಲ್ಲಮ್ಮ.” ಮೊಳೆ ನಿಂತಳು. ತಿರುಗಿ ನೋಡಲಿಲ್ಲ. ನಾನು ನೋಡಿದೆ. ಹಿಂದಿನ ಸಾಲಿನಲ್ಲಿ ಕಪ್ಪು ಕೆಳಗಿಟ್ಟು, ಎಲ್ಲರಿಗಿಂತ ಜೋರಾಗಿ, ಎಲ್ಲರೂ ನಿಲ್ಲಿಸಿದ ಮೇಲೂ, ಅವನು ಚಪ್ಪಾಳೆ ತಟ್ಟುತ್ತಿದ್ದ.

ವಾಪಸ್ ಹೊರಟಾಗ ಮಗಳನ್ನು ಮುಂದೆ ಕರೆದ. “ಬಾಮ್ಮ, ಇಂಜಿನ್ ಹತ್ರ ಕೂತ್ಕೋ. ಕೇಳು. ಏನನ್ನುತ್ತೆ ಹೇಳು.”

ಎರಡನೇ ಸಾಲಿನಲ್ಲಿ ನಾನು. ಪೇಟೆ ದಾಟಿದ ಮೇಲೆ ವೇಗ ಏರಿತು. ಇಳಿಯಲೇ ಇಲ್ಲ. ಲಾರಿಗಳನ್ನು ತಿರುವಿನಲ್ಲೇ ಹಿಂದಿಕ್ಕಿದ. ಎದುರಿನ ವ್ಯಾನು ರಸ್ತೆ ಬಿಟ್ಟು ಮಣ್ಣಿಗಿಳಿಯಿತು. ಸೇತುವೆಯ ಕಂಬಿಗೆ ತಗುಲಿ ಎಡಗಡೆಯ ಕನ್ನಡಿ ಕಿತ್ತು ಒಳಗೆ ಬಂತು. ಗಾಜಿನ ಚೂರು. ಕಿಟಕಿಯ ಪಕ್ಕದವಳ ಹಣೆಯಿಂದ ರಕ್ತ. ಯಾರೋ ವಾಂತಿ ಮಾಡಿಕೊಂಡರು. ಎಲ್ಲರೂ ‘ಮಾವಾ, ಮಾವಾ’ ಎಂದು ಕೂಗುತ್ತಿದ್ದರು. ಅವನು ಮಗಳಿಗೆ ಮಾತ್ರ ಹೇಳುತ್ತಿದ್ದ, ಪಾಠ ಹೇಳಿಕೊಡುವ ದನಿಯಲ್ಲಿ: “ಈಗೇನನ್ನುತ್ತೆ? ಕೇಳಿಸ್ತಾ? ಅಳ್ತಿದೆ ಅಲ್ವಾ? ಯಾರು ಅಳಿಸಿದ್ದು?”

ನಾನು ಎದ್ದು ಹೋಗಿ ಅವನ ಭುಜ ಹಿಡಿದೆ. ಬ್ರೇಕ್ ಒತ್ತಿದ. ಎಲ್ಲರೂ ಮುಂದಕ್ಕೆ ಬಿದ್ದೆವು.

ಬಸ್ ನಿಂತಿತು. ನನ್ನ ಮುಡಿ ಹಿಡಿದು ಕೆಳಗೆ ಇಳಿಸಿದ. ಮಗಳನ್ನು ಬಾಗಿಲ ಮೆಟ್ಟಿಲ ಮೇಲೆ ಕೂರಿಸಿದ, ಮುಟ್ಟಿದ್ದು ಮೆತ್ತಗೆ. ಮುಷ್ಟಿ ಕಟ್ಟಿ ನನ್ನ ಬಾಯಿಗೆ ಹೊಡೆದ. ಇನ್ನೊಂದು, ಹೊಟ್ಟೆಗೆ. ಮೊಣಕಾಲೂರಿದೆ. ರಸ್ತೆಯ ಜಲ್ಲಿ ಅಂಗೈಯೊಳಗೆ ಹೋಯಿತು.

“ನೋಡು,” ಎಂದ ಮಗಳಿಗೆ. “ನಿನ್ನಿಂದ ಮೇಡಂಗೆ ಏನಾಯ್ತು.”

ಇಷ್ಟಾದ ಮೇಲೆ ನಡೆದದ್ದೇ ನನಗೆ ಅರ್ಥವಾಗುತ್ತಿಲ್ಲ. ಅವನು ನೀರಿನ ಬಾಟಲಿ ತೆಗೆದು ಮುಖ ತೊಳೆದ. ನನಗೂ ನೀರು ಕೊಟ್ಟ. ಸೀಟಿಗೆ ಹತ್ತಿ ಕೂತು ಹಾರ್ನ್ ಮಾಡಿದ. ಸುತ್ತ ಬರೀ ಬಯಲು. ನಾವೆಲ್ಲ ಹತ್ತಿ ಕೂತೆವು. ನಿಧಾನವಾಗಿ, ನಿಯಮದ ಪ್ರಕಾರ ಓಡಿಸಿಕೊಂಡು ಬಂದ. ಸ್ಕೂಲಿನ ಗೇಟಿನಲ್ಲಿ ಇಳಿಯುವಾಗ, “ಹುಷಾರಾಗಿ ಇಳೀರಿ ಮೇಡಂ” ಎಂದ.

ಹೊಲಿಗೆ ಹಾಕುವಾಗ ಅಕ್ಕ ಟ್ರೇ ಹಿಡಿದು ನಿಂತಿದ್ದಳು. ಒಂದೂ ಜೋಕು ಹೇಳಲಿಲ್ಲ.

ಏಪ್ರಿಲ್ 10, ಶುಕ್ರವಾರ

ಪ್ರಿನ್ಸಿಪಾಲರ ಕೋಣೆಯ ತುಂಬ ತಂದೆತಾಯಿಗಳು. ಬೆಳಿಗ್ಗೆಯೇ ಅವನನ್ನು ಕೆಲಸದಿಂದ ತೆಗೆದರು. ಎಲ್ಲರೂ ಹೋದ ಮೇಲೆ ಪ್ರಿನ್ಸಿಪಾಲರು ಬಾಗಿಲು ಹಾಕಿದರು.

“ಪೊಲೀಸು ಗಿಲೀಸು ಅಂತ ಹೋದ್ರೆ ಪೇಪರಲ್ಲಿ ಸ್ಕೂಲಿನ ಹೆಸರು ಬರುತ್ತೆ. ಮುಂದಿನ ವರ್ಷದ ಅಡ್ಮಿಷನ್ ಶುರುವಾಗಿದೆ. ನೀವೂ ಈ ಸ್ಕೂಲಿನವರೇ ತಾನೆ?”

“ಅವನು ಇನ್ನು ಹಗಲೆಲ್ಲ ಮನೇಲಿರ್ತಾನೆ ಮೇಡಂ.”

“ಅದು ಅವರ ಮನೆ ವಿಷಯ.”

ತಲೆಯಾಡಿಸಿ ಬಂದೆ. ಮಾತಾಡಿದರೆ ಹೊಲಿಗೆ ಎಳೆಯುತ್ತದೆ ಎಂಬ ನೆಪ.

ಮೊಳೆ ಬಂದಿರಲಿಲ್ಲ.

ಮೇ 4, ಸೋಮವಾರ

ಮೊಳೆ ಪರೀಕ್ಷೆಯ ದಿನಗಳಲ್ಲಿ ಮಾತ್ರ ಬಂದಳು. ಬರೆದು, ಯಾರೊಂದಿಗೂ ಮಾತಾಡದೆ ಹೋದಳು. ನಾನು ಗೇಟಿನಲ್ಲಿ ನಿಂತಿದ್ದಾಗಲೂ. ರಸ್ತೆಯಾಚೆ ಅವನು ಕಾಯುತ್ತಿರುತ್ತಿದ್ದ. ನನಗೆ ಕೈಯೆತ್ತಿ ನಮಸ್ಕಾರ ಬೇರೆ.

ಇವತ್ತು ಅಕ್ಕ ವಾರ್ಡಿನಿಂದ ಫೋನ್ ಮಾಡಿದಳು.

“ನಿನ್ನ ಮೊಳೆ ಅಮ್ಮ ಇಲ್ಲಿದ್ದಾಳೆ. ದವಡೆ ಎರಡು ಕಡೆ ಮುರಿದಿದೆ. ಬಾಗಿಲು ತಗುಲಿತಂತೆ. ಎಂಥ ಬಾಗಿಲೋ ಕಾಣೆ, ಬೆನ್ನ ಮೇಲೆ ಬೂಟಿನ ಗುರುತೂ ಬಿಟ್ಟಿದೆ.”

ಯಾಕೆ ಹೊಡೆದ ಎಂದು ಕೇಳಬೇಕಾಗಿಯೇ ಇರಲಿಲ್ಲ. ಇವತ್ತು ಬಂದರಿನ ಕಾಲೇಜಿಗೆ ‘ಬರುತ್ತೇನೆ’ ಎಂದು ಖಚಿತಪಡಿಸುವ ಕೊನೆಯ ದಿನ. ಬೆಳಿಗ್ಗೆಯೇ ಖಚಿತಪಡಿಸಿದ್ದಾಳೆ. ನನಗೆ ಕಾಪಿ ಬಂದಿದೆ.

ಮೇ 7, ಗುರುವಾರ

ಮೂರು ದಿನದಿಂದ ಆಸ್ಪತ್ರೆಗೆ ಹೋಗಿಬರುತ್ತಿದ್ದೇನೆ. ದವಡೆಗೆ ತಂತಿ ಬಿಗಿದಿದ್ದಾರೆ. ಹಲ್ಲು ಕಚ್ಚಿಕೊಂಡೇ ಮಾತು. ಪೊಲೀಸರು ಬಂದಾಗಲೂ ಬಾಗಿಲು ಎಂದೇ ಹೇಳಿದರಂತೆ.

ಇವತ್ತು ನನ್ನ ಸೀರೆಯ ಸೆರಗು ಹಿಡಿದು ಹತ್ತಿರ ಎಳೆದುಕೊಂಡರು. ಅವರ ಉಸಿರಿನಲ್ಲಿ ಔಷಧಿಯ ವಾಸನೆ, ಹಳೇ ರಕ್ತದ ವಾಸನೆ.

“ಕರ್ಕೊಂಡ್ ಹೋಗಿ.”

“ನೀವು ದೂರು ಕೊಟ್ರೆ—”

“ನಾನು ಕೊಟ್ರೆ ಅವರು ಎರಡು ದಿನ ಒಳಗಿರ್ತಾರೆ. ಮೂರನೇ ದಿನ ಬರ್ತಾರೆ.” ತಂತಿಯ ಹಿಂದಿನಿಂದ ಒಂದೊಂದೇ ಮಾತು ನುಸುಳಿ ಬರುತ್ತಿತ್ತು. “ಅವಳು ಎದುರಿಗೆ ಕೂತಿಲ್ಲ ಅಂದ್ರೆ ಅವರಿಗೆ ಹೊಡೆಯೋಕೆ ರುಚಿ ಇರಲ್ಲ ಮೇಡಂ. ನಂಗೊತ್ತು. ಕರ್ಕೊಂಡ್ ಹೋಗಿ.”

ಪಕ್ಕದ ಸ್ಟೂಲಿನ ಮೇಲೆ ಮೊಳೆ ಕೂತಿದ್ದಳು. ಏಳಲಿಲ್ಲ. ಅಮ್ಮ ಕಾಲಿನಿಂದ ಸ್ಟೂಲನ್ನು ತಳ್ಳಿದರು. ಆಗ ಎದ್ದಳು.

ಈಗ ನಮ್ಮ ಮನೆಯಲ್ಲಿದ್ದಾಳೆ. ಜೂನ್ ಐದಕ್ಕೆ ಹಾಸ್ಟೆಲ್ ತೆರೆಯುತ್ತದೆ. ಅಲ್ಲಿಯವರೆಗೆ ಹೊರಗೆ ಕಾಲಿಡುವುದಿಲ್ಲ ಎಂದು ಅಕ್ಕ ಫರ್ಮಾನು ಹೊರಡಿಸಿದ್ದಾಳೆ.

ಮೇ 16, ಶನಿವಾರ

ಅಕ್ಕ, ಮೊಳೆ ಇಬ್ಬರಿಗೂ ಸಿಕ್ಕಾಪಟ್ಟೆ ಹೊಂದಿಕೆಯಾಗಿದೆ. ಹಾಳಾಗಿದ್ದ ಮಿಕ್ಸಿ, ಸೀಲಿಂಗ್ ಫ್ಯಾನ್, ಗೋಡೆ ಗಡಿಯಾರ ಎಲ್ಲ ರಿಪೇರಿ. ಅಕ್ಕ ಮಂಡಿಯೂ ತೋರಿಸಿದಳು.

“ಇದೂ ಕಿರ್ ಅನ್ನುತ್ತೆ ನೋಡೇ.”

ಮೊಳೆ ಮಂಡಿಗೆ ಕಿವಿ ಹಚ್ಚಿದಳು. “ಬೇರಿಂಗ್ ಹೋಗಿದೆ ದೊಡ್ಡಮ್ಮ. ಪಾರ್ಟ್ಸ್ ಸಿಗಲ್ಲ, ಹಳೇ ಮಾಡಲ್ಲು.”

ಅಕ್ಕ ಲಟ್ಟಣಿಗೆ ಹಿಡಿದು ಅಟ್ಟಿಸಿಕೊಂಡು ಹೋದಳು. ಹುಡುಗಿ ಜೋರಾಗಿ ನಕ್ಕದ್ದನ್ನು ಮೊದಲ ಸಲ ಕೇಳಿದೆ. ಆದರೆ ಲಟ್ಟಣಿಗೆ ಎತ್ತಿದ ಆ ಒಂದು ಕ್ಷಣ ಅವಳ ಎರಡೂ ಕೈ ತಲೆಯ ಮೇಲೆ ಹೋಗಿದ್ದವು. ಅಕ್ಕನೂ ನೋಡಿದಳು. ಲಟ್ಟಣಿಗೆಯನ್ನು ಒಳಗಿಟ್ಟು ಬಂದಳು.

ನಾನು ಅನುವಾದದ ಒಂದು ಕಾದಂಬರಿ ಓದುತ್ತಿದ್ದೇನೆ. ಕೊಲೆಯ ಅಧ್ಯಾಯದಲ್ಲಿ ‘ಪ್ರಹಾರ ಮಾಡಿದನು’ ಎಂದಿದೆ. ಯಾರು ಪ್ರಹಾರ ಮಾಡುತ್ತಾರೆ? ಪುಸ್ತಕ ಮುಚ್ಚಿಟ್ಟೆ.

ಮೇ 24, ಭಾನುವಾರ, ಸಂಜೆ ಆರು

ಮಧ್ಯಾಹ್ನ ಅವನು ಬಂದ.

ಮೊಳೆಯ ಹೊಸ ಬಟ್ಟೆಗಳಿಗೆ ಇಸ್ತ್ರಿ ಮಾಡುತ್ತಿದ್ದೆ. ಬೆಲ್ ಒತ್ತಲಿಲ್ಲ. ಬಾಗಿಲ ಗಾಜು ಒಡೆದು, ಕೈ ಒಳಗೆ ಹಾಕಿ ಚಿಲಕ ತೆಗೆದ. ಕೈಯಲ್ಲಿ ಬಸ್ಸಿನ ಚಕ್ರ ಬಿಚ್ಚುವ ಸ್ಪ್ಯಾನರ್. ಗಾಜು ಕೊಯ್ದು ಮುಂಗೈಯಿಂದ ರಕ್ತ ಸುರಿಯುತ್ತಿದ್ದರೂ ಮುಖದಲ್ಲಿ ಅದೇ ನಗು.

“ಮಗು ಎಲ್ಲಿ ಮೇಡಂ?”

ಅಕ್ಕ ಅಡುಗೆಮನೆಯಿಂದ ಬಂದು ಅಡ್ಡ ನಿಂತಳು. “ನಿನ್ನಂಥೋರನ್ನ ದಿನಾ ಹೊಲಿದು ಕಳಿಸ್ತೀನಿ ಕಣಯ್ಯ, ಹೋಗಾಚೆ” ಎಂದಳು. ಸ್ಪ್ಯಾನರ್ ಬೀಸಿದ. ಎತ್ತಿದ ತೋಳಿಗೆ ಬಿತ್ತು. ಹಸಿಕಟ್ಟಿಗೆ ಮುರಿದ ಸದ್ದು. ಅಕ್ಕ ಗೋಡೆಗೊರಗಿ ಕುಸಿದಳು.

ಮೊಳೆ ಕೋಣೆಯಿಂದ ಬಂದಳು. “ಬರ್ತೀನಿ ಅಪ್ಪ. ಬಿಟ್ಬಿಡಿ. ಬರ್ತೀನಿ.”

“ಕೂತ್ಕೋ,” ಎಂದ. “ಅಲ್ಲಿ, ಎದುರಿಗೆ ಕೂತ್ಕೋ. ನೋಡು.”

ಕೂತಳು. ಅವನು ಅಕ್ಕನ ಕಡೆ ತಿರುಗಿ ಮತ್ತೆ ಸ್ಪ್ಯಾನರ್ ಎತ್ತಿದ.

ನನ್ನ ಕೈಯಲ್ಲಿ ಇಸ್ತ್ರಿಪೆಟ್ಟಿಗೆಯಿತ್ತು. ಹಳೆಯದು, ಭಾರದ್ದು. ವೈರು ಪ್ಲಗ್ಗಿನಿಂದ ಕಿತ್ತು ಬಂತು. ಹೊಡೆದೆ. ಬಿದ್ದ.

ಚರ್ಮ ಸುಟ್ಟ ವಾಸನೆ ಮನೆಯಲ್ಲಿ ಇನ್ನೂ ಇದೆ. ಕಿಟಕಿಗಳೆಲ್ಲ ತೆರೆದಿವೆ.

ಬದುಕಿದ್ದಾನೆ. ಅವನೂ ಅಕ್ಕನೂ ಒಂದೇ ಆಂಬುಲೆನ್ಸಿನಲ್ಲಿ ಹೋದರು. ತನ್ನ ವಾರ್ಡಿಗೇ ಪೇಷಂಟಾಗಿ ಹೋಗುತ್ತಿದ್ದೇನೆ, ರಜೆ ಹಾಕಬೇಕಾ ಬೇಡವಾ ಎಂದು ಅಕ್ಕ ಆಂಬುಲೆನ್ಸಿನವನನ್ನು ಕೇಳುತ್ತಿದ್ದಳು.

ಮೇ 27, ಬುಧವಾರ

ಠಾಣೆ. ಇನ್ಸ್‌ಪೆಕ್ಟರ್ ಒಳ್ಳೆಯ ಮಾತಿನವರು. ಕುರ್ಚಿ ಹಾಕಿಸಿದರು. ಭಾನುವಾರ ಮನೆಗೆ ಬಂದ ಪೇದೆ ನನ್ನ ಬಾಯಿಂದ ಬರೆದುಕೊಂಡದ್ದನ್ನು ಓದಿ ಹೇಳಿದರು.

“‘ನಾವು ಹೊಡೆದ್ವಿ’ ಅಂದಿದ್ದೀರಿ. ನಾವು ಅಂದ್ರೆ ಯಾರ್ಯಾರು ಮೇಡಂ?”

“ನಾನು.”

“ಮತ್ತೆ?”

“ನಾನೊಬ್ಬಳೇ.”

“ಒಬ್ಬರೇ ಹೊಡೆದ್ರೆ ಹೊಡೆದೆ ಅಂತಾರೆ. ನಾನು ಕಮ್ಮಿ ಓದಿದೋನು, ನಂಗೇ ಗೊತ್ತು. ನೀವು ಓದಿಸೋರು.”

ಹಾಗೆ ಅಂದದ್ದು ನೆನಪೇ ಇಲ್ಲ. ಆದರೆ ಅಂದಿರುತ್ತೇನೆ. ಅದು ನನ್ನದೇ ಬಾಯಿ. ನಾವು ಬರೆದ್ವಿ, ನಾವು ಕಳಿಸಿದ್ವಿ, ನಮಗೆ ಬಂತು, ನಮಗೆ ಬರಲಿಲ್ಲ. ಪೇದೆ ಕೇಳಿದಾಗ ಪಕ್ಕದಲ್ಲಿ ಮೊಳೆ ನಿಂತಿದ್ದಳು. ನನ್ನ ವಿದ್ಯಾರ್ಥಿನಿ ಪಕ್ಕದಲ್ಲಿದ್ದರೆ ನನ್ನ ಬಾಯಿಗೆ ಬೇರೆ ಮಾತೇ ಬರುವುದಿಲ್ಲ.

ಇನ್ಸ್‌ಪೆಕ್ಟರ್ ಇನ್ನೊಂದು ಹಾಳೆ ತೆಗೆದರು. ಮೊಳೆಯ ಹೇಳಿಕೆ. ‘ಮಿಸ್ ಒಂದೇ ಏಟು ಹೊಡೆದರು.’ ನನ್ನನ್ನು ಉಳಿಸಲು ಹೇಳಿದ್ದಾಳೆ. ಮೂರನೆಯದು ಡಾಕ್ಟರದು. ಗಾಯ ಮೂರು.

“ಒಂದು ನಿಮ್ಮದು. ಹುಡುಗೀನೇ ಹೇಳ್ತಾಳೆ. ಹಾಗಾದ್ರೆ ಮಿಕ್ಕ ಎರಡು ಯಾರದು?”

“ಎಲ್ಲವೂ ನನ್ನವೇ.”

“ಅವಳ ಅಪ್ಪ ಹಾಗನ್ನಲ್ವಲ್ಲ. ನಿನ್ನೆ ಎಚ್ಚರ ಆಗಿದೆ. ಮೇಡಂ ಒಂದು, ಮಿಕ್ಕಿದ್ದು ಮಗಳು ಅಂತಿದ್ದಾನೆ.”

ಇತ್ಯರ್ಥವಾಗುವವರೆಗೆ ಹುಡುಗಿ ಊರು ಬಿಡುವಂತಿಲ್ಲ.

ಮನೆಗೆ ಬಂದು ಹೇಳಿದೆ. ಅಕ್ಕ ಪ್ಲಾಸ್ಟರಿನ ಕೈಯನ್ನು ಮೇಜಿನ ಮೇಲೆ ಕುಕ್ಕಿದಳು. “ಹತ್ತೊಂಬತ್ತು ವರ್ಷ ಕಂಡವರ ಮಕ್ಕಳ ಜೊತೆ ನಾವು ನಾವು ಅಂತ ಅಂದೂ ಅಂದೂ ನಿನ್ನ ನಾಲಿಗೆಗೆ ನಾನು ಅನ್ನೋದೇ ಮರೆತುಹೋಗಿದೆ ಕಣೇ!”

ಮೇ 30, ಶನಿವಾರ

ಆಸ್ಪತ್ರೆಗೆ ಹೋಗಿದ್ದೆ. ಅವನ ವಾರ್ಡಿನ ಬಾಗಿಲಲ್ಲೇ ನಿಂತೆ. ತಲೆಗೆ ಸುತ್ತಿದ ಬಟ್ಟೆ, ಒಂದು ಕಣ್ಣು ಮುಚ್ಚಿದೆ, ತೆರೆಯುವುದಿಲ್ಲವಂತೆ. ಹೆಂಡತಿ ಪಕ್ಕದಲ್ಲಿ ಕೂತು ಸೂಪು ಕುಡಿಸುತ್ತಿದ್ದರು. ಅವನಿಗೊಂದು ಸ್ಟ್ರಾ, ಅವರಿಗೊಂದು ಸ್ಟ್ರಾ. ಒಂದೇ ಲೋಟ.

ಅವನು ನನ್ನನ್ನು ನೋಡಿದ. ಒಂದೇ ಕಣ್ಣಿನಲ್ಲೂ ನಗು ಬರುತ್ತದೆ.

“ಬನ್ನಿ ಮೇಡಂ. ಮಗು ಹೇಗಿದ್ದಾಳೆ? ಇನ್ನು ಊರಲ್ಲೇ ಇರ್ತಾಳಲ್ಲ, ಬರೋಕೆ ಹೇಳಿ.”

ಹೆಂಡತಿ ಲೋಟ ಕೆಳಗಿಟ್ಟು ಕಾರಿಡಾರಿಗೆ ಬಂದರು. ಹಲ್ಲು ಕಚ್ಚಿಕೊಂಡೇ ಕೇಳಿದರು: “ರೈಲು ಯಾವತ್ತು?”

“ಮೂರನೇ ತಾರೀಕು. ಆದ್ರೆ—”

“ಆದ್ರೆ ಬೇಡ.”

ಒಳಗೆ ಹೋದರು. ಮತ್ತೆ ಲೋಟ ಎತ್ತಿಕೊಂಡರು.

ಜೂನ್ 2, ಮಂಗಳವಾರ

ಅಕ್ಕನ ಪರಿಚಯದ ವಕೀಲರು ಮನೆಗೆ ಬಂದಿದ್ದರು. ಇನ್ಸ್‌ಪೆಕ್ಟರ್ ಹೇಳಿದ್ದನ್ನೇ ಬಿಡಿಸಿ ಹೇಳಿದರು. ಮೂರೂ ಏಟು ನನ್ನವೇ ಎಂದು, ಯಾವುದು ಯಾವಾಗ, ಎಲ್ಲಿಗೆ, ಯಾಕೆ ಎಂದು ನಾನೇ ಬರೆದುಕೊಟ್ಟು ಅದು ಡಾಕ್ಟರ ಮಾತಿಗೆ ತಾಳೆಯಾದರೆ, ಹುಡುಗಿಯ ಮೇಲಿನ ಅನುಮಾನ ಹೋಗುತ್ತದೆ. ಅವಳು ರೈಲು ಹತ್ತಬಹುದು.

“ಮೊದಲನೇದು ಸರಿ, ಆತ್ಮರಕ್ಷಣೆ. ಎರಡನೇದೂ ವಾದಿಸಬಹುದು. ಮೂರನೇದು ತಲೆಯ ಹಿಂಭಾಗ,” ಎಂದರು. “ಬಿದ್ದವನ ತಲೆಯ ಹಿಂಭಾಗಕ್ಕೆ ಏಟು ಬಿದ್ದಿದ್ದು ಹೇಗೆ? ಅದನ್ನ ಬರೆದ್ರೆ ಕೊಲೆ ಯತ್ನ ಆಗುತ್ತೆ. ಬರೀದಿದ್ರೆ ಅದು ಹುಡುಗಿ ತಲೆಗೆ.”

ಮೊಳೆ ನೆಲದ ಮೇಲೆ ಕೂತಿದ್ದಳು. “ನಾನು ಹೋಗಲ್ಲ,” ಎಂದಳು. “ಮೂರನೇದು ನಾನೇ ಅಂತೀನಿ. ಹೊಡೀಬೇಕು ಅಂತ ನಂಗೂ ಅನ್ನಿಸಿತ್ತು ಮಿಸ್, ಸುಳ್ಳೇನಲ್ಲ.”

“ಬಾಯಿ ಮುಚ್ಚು.”

“ನಿಮಗೆ ಕೆಲಸ ಹೋಗುತ್ತೆ. ಜೈಲಾಗುತ್ತೆ. ನನ್ನಿಂದ—”

ಕೈ ಎತ್ತಿದ್ದೆ. ನನ್ನದೇ ಕೈ. ಕಣ್ಣಿನ ಮಟ್ಟಕ್ಕೆ ಬಂದ ಮೇಲೆ ಕಂಡಿತು. ಅವಳು ತಲೆ ಮುಚ್ಚಿಕೊಳ್ಳಲಿಲ್ಲ. ಹೊಡೆಯಿರಿ ಎಂಬ ಹಾಗೆ ನೋಡುತ್ತಿದ್ದಳು.

ಅಕ್ಕ ನನ್ನ ಕೈಯನ್ನು ತನ್ನ ನೆಟ್ಟಗಿರುವ ಕೈಯಿಂದ ಹಿಡಿದು ಇಳಿಸಿದಳು. “ಅನ್ನ ತಣ್ಣಗಾಗುತ್ತೆ, ಏಳಿ” ಎಂದಳು.

ಜೂನ್ 3, ಬುಧವಾರ, ಬೆಳಿಗ್ಗೆ ಎಂಟು

ಮಧ್ಯಾಹ್ನ ಅವಳ ರೈಲು. ಹತ್ತಕ್ಕೆ ಠಾಣೆಯಲ್ಲಿ ನಾನು. ವಕೀಲರು ನೇರವಾಗಿ ಅಲ್ಲಿಗೇ ಬರುತ್ತಾರೆ. ಅಲ್ಲಿಂದ ಫೋನ್ ಬಂದರೆ ಅಕ್ಕ ಅವಳನ್ನು ಸ್ಟೇಷನ್ನಿಗೆ ಕರೆದೊಯ್ಯುತ್ತಾಳೆ. ಬರುವುದಿಲ್ಲ ಎಂದು ಹಟ ಹಿಡಿದರೆ ಎತ್ತಿಕೊಂಡಾದರೂ ಹೋಗುತ್ತಾಳಂತೆ, ಒಂದೇ ಕೈಯಲ್ಲಿ.

ಪಕ್ಕದ ಕೋಣೆಯಲ್ಲಿ ಸೂಟ್‌ಕೇಸಿನ ಜಿಪ್ಪು ಎಳೆಯುವ ಸದ್ದು. ಅಕ್ಕ ಬೈಯುತ್ತಿದ್ದಾಳೆ.

ಠಾಣೆಯಲ್ಲಿ ಕೈ ನಡುಗಬಾರದು. ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಮೊದಲನೆಯದು. ಅವನು ಅಕ್ಕನ ಮೇಲೆ ಸ್ಪ್ಯಾನರ್ ಎತ್ತಿದಾಗ. ಪಕ್ಕದಿಂದ. ಎಡಗಣ್ಣಿನ ಹತ್ತಿರ. ಸ್ಪ್ಯಾನರ್ ಕೈಜಾರಿತು. ಮೊಣಕಾಲೂರಿದ. ಹೊಡೆದದ್ದು ನಾನು.

ಎರಡನೆಯದು. ಅವನು ತಡಕಾಡಿ ಸ್ಪ್ಯಾನರ್ ಹಿಡಿದು ಮೇಲೇಳುತ್ತಿದ್ದಾಗ. ಕಿವಿಯ ಮೇಲೆ. ಅಂಗಾತ ಅಲ್ಲ, ಮುಂದಕ್ಕೆ ಬಿದ್ದ, ಮುಖ ನೆಲಕ್ಕೆ. ಹೊಡೆದದ್ದು ನಾನು.

ಮೂರನೆಯದು. ಇದಕ್ಕೂ ಅದಕ್ಕೂ ನಡುವೆ ಸಮಯವಿತ್ತು. ಸ್ಪ್ಯಾನರನ್ನು ಅವನೇ ದೂರ ತಳ್ಳಿದ್ದ. ಅಕ್ಕ ಕಣ್ಣು ಮುಚ್ಚಿಕೊಂಡಿದ್ದಳು. ಮೊಳೆ ಅವನು ಹೇಳಿದ ಜಾಗದಲ್ಲೇ, ಎದುರಿಗೆ ಕೂತಿದ್ದಳು. ಅವನು ನೆಲದ ಮೇಲಿಂದ “ಸಾಕು ಮೇಡಂ” ಎಂದ. ಸ್ಪಷ್ಟವಾಗಿ ಕೇಳಿಸಿತು. ನಾನು ಮೊಳೆಯ ಕಡೆ ತಿರುಗಿ, ನೋಡು ಎಂದೆ. ಅಂದು, ತಲೆಯ ಹಿಂಭಾಗಕ್ಕೆ. ಹೊಡೆದದ್ದು ನಾನು.